ಎಂಟು ಚುಕ್ಕಿಯ ಊರು

ಕ್ಯಾಮೆರಾದವ್ರು ಚಹಾ ಒಲ್ಲೆ ಅಂದ್ರು.
ಸೆರಗಿಗೆ ಮೈಕು ಸಿಗಿಸಿ
ಫ್ಯಾನ್ ಆರಿಸಿದ್ರು, ಸಪ್ಪಳ ಬರ್ತದಂತ.
"ಮೊದಲಿಂದ ಹೇಳ್ರಿ, ಕಂಪನಿ ಹ್ಯಾಂಗ ಶುರುವಾತು?"

ಕಂಪನಿ ಅಂದ್ರ ನಮ್ಮವ್ವಗ ನಾಟಕದ ಕಂಪನಿ.
ಗೋಕುಲ ರೋಡಿನ ಕಂಪನ್ಯಾಗ ನೌಕರಿ ಸಿಕ್ತು ಅಂದದ್ದಕ್ಕ
ಎರಡು ದಿನ ಉಂಡಿರಲಿಲ್ಲ ಆಕಿ.
"ಬಣ್ಣಾ ಹಚ್ಚೂದಲ್ಲ ವೈನಿ, ತಂತಿ ಹಚ್ಚೂದು"
ಅಂತ ಕಾಕಾ ಬಂದು ಆಣಿ ಮಾಡಿದ ಮ್ಯಾಲ
ರೊಟ್ಟಿ ಕಟ್ಟಿ ಕೊಟ್ಲು.

ಎಂಬತ್ನಾಲ್ಕು. ತಗಡಿನ ಶೆಡ್ಡು, ಹಿಂದ ಎಣ್ಣಿ ಗಿರಣಿ.
ವಿಠ್ಠಲಸಾ ಬಾಕಳೆಯವರು ಟಿವಿ ಅಂಗಡಿ ಮಾರಿ
ಪಾಟಿ ಮಾಡಾಕ ನಿಂತಿದ್ರು.
ಹೌದ್ರಿ, ಅದರ ಹೆಸರಽ ಪಾಟಿ.
ಮನ್ಯಾಗಿನ ಟಿವಿಗೆ ಜೋಡಿಸೂದು,
ಟೇಪ್ ರಿಕಾರ್ಡರಿನಿಂದ ಪಾಠ ಹೇಳಿಸೂದು.
ಕೀಲಿ ಒತ್ತಿದ್ರ ಅಕ್ಷರ ಮೂಡತಿತ್ತು,
ಕರೆಂಟ್ ಹೋದ್ರ ಒದ್ದಿ ಅರಬಿಲೆ ಒರಸಿದಂಗ.
ಕರೆಂಟ್ ದಿನಾ ಹೋಗತಿತ್ತು.

"ಅಲ್ಲೆ ನಿಮ್ಮ ಕೆಲಸ?"
"ನಾ ಅಕ್ಷರದಾಕಿ."

ನಗಬ್ಯಾಡ್ರಿ. ಬಾಕಳೆಯವರು ನನ್ನ ಕೇಳಿದ್ದು ಒಂದಽ ಪ್ರಶ್ನಿ:
ಚುಕ್ಕಿ ರಂಗೋಲಿ ಬರ್ತದೇನು?
ಬರ್ತದ ಅಂದೆ. ಚೌಕಳಿ ಹಾಳಿ ಮುಂದಿಟ್ರು.
ಅಡ್ಡ ಎಂಟು, ಉದ್ದ ಎಂಟು, ಅಷ್ಟ್ರಾಗ ಅ, ಅಷ್ಟ್ರಾಗ ಆ.
ಗೆರಿ ಎಳಿಯೂಹಂಗಿಲ್ಲ,
ಚುಕ್ಕಿ ತುಂಬಬೇಕು, ಇಲ್ಲಾ ಬಿಡಬೇಕು.
ಗ ಒಂದು ಗಳಿಗ್ಯಾಗ ಬಂತು.
ಝ ನನ್ನ ಒಂಬತ್ತು ದಿನ ಅಳಿಸ್ತು.
ಮುರ್ತುಜಾ ಸವಣೂರ ಅಂತ ಇಂಜಿನಿಯರ,
ನಾ ತುಂಬಿದ್ದನ್ನ ಅಂಕಿ ಮಾಡಿ ಚಿಪ್ಪಿನೊಳಗ ಸುಡತಿದ್ದ.
"ಇಂದುಮತಿ, ಸುಟ್ಟ ಮ್ಯಾಲ ತಿದ್ದಾಕ ಬರೂದಿಲ್ಲ."
ದಿನಾ ಅದಽ ಮಾತು,
ನೆಲಾ ನೋಡಿಕೋತ.

ಒತ್ತಕ್ಷರಕ್ಕ ಬಂದು ನಿಂತೆ.
ಮ್ಯಾಲ ಅಕ್ಷರ, ಕೆಳಗ ಅದರ ಒತ್ತು, ಚುಕ್ಕಿ ಎಂಟಽ.
ತಲಿ ಇಟ್ರ ಕಾಲಿಲ್ಲ, ಕಾಲಿಟ್ರ ತಲಿ ಇಲ್ಲ.
ಹದಿನಾರು ಕೊಡ್ರಿ ಅಂದೆ.
ಚಿಪ್ಪಿಗೆ ಎಷ್ಟು ರೊಕ್ಕ ಗೊತ್ತೇನು ಅಂದ್ರು ಬಾಕಳೆಯವರು,
ಸಿಟ್ಟಿಲೆ ಅಲ್ಲ, ಲೆಕ್ಕದ ಪುಸ್ತಕ ತಗದು ತೋರಿಸಿ.
ಹಿಂಗಾಗಿ ಮೊದಲನೇ ಪಾಟಿ ಹಚ್ಚಿದ ದಿನ
ಟಿವಿ ಮ್ಯಾಲ ಬಂದದ್ದು
ಹುಬಳಿ.
ಎಲ್ಲಾರೂ ಚಪ್ಪಾಳಿ ಹೊಡದ್ರು.
ದುರ್ಗದಬೈಲಿನಿಂದ ಮಿರ್ಚಿ ಬಂತು, ಎಣ್ಣಿ ಕೈ ಕೀಲಿಗಳಿಗೆ ಹತ್ತಿತು.
ನನ್ನ ಕಣ್ಣು ಮಾತ್ರ ಊರಿನ ಕೆಳಗ,
ಎರಡು ಒತ್ತು ಇರಬೇಕಾದ ಕತ್ತಲದಾಗ.

ಮುನ್ನೂರಾ ಹನ್ನೊಂದು ಮಾರಿದ್ವಿ.
ಗದಗಿನ ಒಂದು ಸಾಲಿ ಹನ್ನೆರಡು ಒಯ್ತು.
ಬ್ಯಾಡಗಿಯ ಮೆಣಸಿನಕಾಯಿ ದಲಾಲ ಒಬ್ಬಾಂವ ಎರಡು ಒಯ್ದು
ಒಂದನ್ನ ವಾಪಸ್ ತಂದ, ಒಳಗ ಇಲಿ ಮರಿ ಹಾಕಿತ್ತು.
ಮಂದಿ ಬಂದು ಕೇಳತಿದ್ರು: ಇದರಾಗ ಸಿನಿಮಾ ಬರ್ತದೇನ್ರಿ?
ಎಂಬತ್ತೇಳರಾಗ ಶೆಡ್ಡಿಗೆ ಬ್ಯಾಂಕಿನ ಬೀಗ ಬಿತ್ತು.
ಮುರ್ತುಜಾ ಎತ್ತ ಹೋದ, ಗೊತ್ತಿಲ್ಲ.
ಇದನ್ನ ಅವರು ಎರಡು ಸಲ ಕೇಳಿದ್ರು.
ಎರಡು ಸಲಾನೂ ಗೊತ್ತಿಲ್ಲ ಅಂದೆ.

ಸಿನಿಮಾ ಧಾರವಾಡದಾಗ ತೋರಿಸಿದ್ರು, ಒಂದು ತಾಸು ಹತ್ತು ನಿಮಿಷ.
ಬಾಕಳೆಯವರ ಫೋಟೋ, ಹಾರ, ಅವರ ಮಗನ ಮಾತು.
ನಾ ನಲವತ್ತು ಸೆಕೆಂಡು ಇದ್ದೆ, ಫ್ಯಾನಿಲ್ಲದ ಬೆವರಿನ್ಯಾಗ.
ಕಡೀಕ ಎಲ್ಲಿಂದಲೋ ಹುಡುಕಿ ತಂದ ಒಂದು ಪಾಟಿ ಹಚ್ಚಿದ್ರು.
ಟೇಪು ಚೀರಿತು, ಕೆಮ್ಮಿತು, ಮತ್ತ ಚೀರಿತು,
ಆಮ್ಯಾಲ ಹಸರ ಅಕ್ಷರ:
ಹುಬಳಿ.
ಹಿಂದಿನ ಸಾಲಿನ್ಯಾಗ ಒಬ್ಬ ಹುಡುಗ ನಕ್ಕ.
"ಸ್ಪೆಲ್ಲಿಂಗ್ ಮಿಸ್ಟೇಕು."

ತಪ್ಪಲ್ಲೋ ತಮ್ಮಾ, ಅಂತ ತಿರುಗಿದೆ,
ಜಾಗಾ ಇರಲಿಲ್ಲ.
ಅವಗ ಕೇಳಲಿಲ್ಲ. ಯಾರಿಗೋ ಬರಿಯಾಕ ಹತ್ತಿದ್ದ.
ಅಂಗೈಯಷ್ಟು ಫೋನಿನ್ಯಾಗ
ಹುಬ್ಬಳ್ಳಿ, ಪೂರ್ತಿ ಹುಬ್ಬಳ್ಳಿ,
ಕಟ್ಟಿ ಮ್ಯಾಲ ಕುಂತು ಕಾಲು ಇಳಿಬಿಟ್ಟಂಗ.